ಮೆಡಿಟರೇನಿಯನ್ ಅಡುಗೆಮನೆಗೆ ಕೋಳಿಯೂ ಬದನೆಯೂ ಬಂದ ದಾರಿ

ಉಪ್ಪು ಹಚ್ಚಿ ನೀರು ಬಿಡಿಸಿದ ಬದನೆ ಹೋಳುಗಳನ್ನು ಆಲಿವ್ ಎಣ್ಣೆಯಲ್ಲಿ ಕರಿದು, ಅದೇ ಎಣ್ಣೆಯಲ್ಲಿ ಕೋಳಿ ತುಂಡುಗಳನ್ನು ಕೆಂಪಗೆ ಹುರಿದು, ಎರಡನ್ನೂ ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ ಜೊತೆ ಸಣ್ಣ ಉರಿಯಲ್ಲಿ ಬೇಯಿಸುವ ಅಡುಗೆ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ದೇಶಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಕಾಣಸಿಗುತ್ತದೆ. ಸ್ಪೇನಿನ ಕ್ಯಾಟಲೋನಿಯಾದಲ್ಲಿ ಬದನೆ, ದಪ್ಪ ಮೆಣಸಿನಕಾಯಿ, ಟೊಮೆಟೊ ಹಾಕಿ ಮಾಡುವ ಸಾಂಫೈನಾ ಎಂಬ ಗೊಜ್ಜಿನಲ್ಲಿ ಕೋಳಿ ಬೇಯುತ್ತದೆ. ಪ್ಯಾಲೆಸ್ಟೀನಿನ ಮನೆಗಳಲ್ಲಿ ಕೋಳಿ, ಕರಿದ ಬದನೆ, ಅಕ್ಕಿ ಇವನ್ನು ಪಾತ್ರೆಯಲ್ಲಿ ಪದರ ಪದರವಾಗಿ ಜೋಡಿಸಿ ಬೇಯಿಸಿ, ದೊಡ್ಡ ತಟ್ಟೆಯ ಮೇಲೆ ಬೋರಲು ಹಾಕಿ ಬಡಿಸುವ ಮಕ್ಲೂಬಾ ಇದೆ. ಟರ್ಕಿಯವರು ಸುಟ್ಟ ಬದನೆಗೆ ಬೆಣ್ಣೆ, ಹಾಲು, ಮೈದಾ ಸೇರಿಸಿ ಮೆತ್ತಗೆ ಮಾಡಿ, ಅದರ ಮೇಲೆ ಕುರಿಮಾಂಸವನ್ನೋ ಕೋಳಿಯನ್ನೋ ಇಡುತ್ತಾರೆ. ನೋಡಿದವರಿಗೆ ಇವೆಲ್ಲ ಆ ನೆಲದಷ್ಟೇ ಹಳೆಯವು ಅನಿಸುವುದು ಸಹಜ. ಆದರೆ ಪಾತ್ರೆಯೊಳಗಿನ ಪದಾರ್ಥಗಳಲ್ಲಿ ಹೋಮರನ ಕಾಲದ ಗ್ರೀಕರಿಗೆ ಅಡುಗೆಯ ಸಾಮಗ್ರಿಯಾಗಿ ಪರಿಚಯವಿದ್ದದ್ದು ಉಪ್ಪು, ಎಣ್ಣೆ, ಈರುಳ್ಳಿ, ಬೆಳ್ಳುಳ್ಳಿಯಂಥವು ಮಾತ್ರ. ಕೋಳಿ ಏಷ್ಯಾದ್ದು, ಬದನೆಯೂ ಏಷ್ಯಾದ್ದು, ಟೊಮೆಟೊ ಮತ್ತು ಮೆಣಸಿನಕಾಯಿ ಅಮೆರಿಕದವು.

ಮೊದಲು ಬಂದದ್ದು ಕೋಳಿ. ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ ಇದರ ಮೂಲ. ಖಚಿತವಾಗಿ ಸಾಕುಕೋಳಿಯದೇ ಎನ್ನಬಹುದಾದ ಅತಿ ಹಳೆಯ ಮೂಳೆಗಳು ಮಧ್ಯ ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ಸಿಕ್ಕಿವೆ. ಅವುಗಳ ಕಾಲ ಕ್ರಿ.ಪೂ. 1650ರಿಂದ 1250ರ ನಡುವಿನದು. ಬತ್ತ, ನವಣೆಯಂಥ ಧಾನ್ಯಗಳ ಬೇಸಾಯ ಹರಡಿದ ಕಡೆ, ಕಾಳಿನ ಆಸೆಗೆ ಕಾಡುಕೋಳಿ ಮನುಷ್ಯರ ಹತ್ತಿರ ಬಂತೆಂದು 2022ರಲ್ಲಿ ಪ್ರಕಟವಾದ ಅಧ್ಯಯನಗಳು ಹೇಳುತ್ತವೆ. ಮೆಡಿಟರೇನಿಯನ್ ಯುರೋಪಿಗೆ ಅದು ತಲುಪಿದ್ದು ಕ್ರಿ.ಪೂ. 800ರ ಸುಮಾರಿಗೆ. ಅಲ್ಲಿನವರು ಮೊದಮೊದಲು ಅದನ್ನು ತಿನ್ನಲಿಲ್ಲ. ಹುಂಜ ಕಾಳಗಕ್ಕೆ, ದೇವರ ಕಾಣಿಕೆಗೆ, ಹೊತ್ತು ತಿಳಿಯುವುದಕ್ಕೆ ಬೇಕಾದ ಅಪರೂಪದ ಹಕ್ಕಿಯಾಗಿತ್ತು. ಗ್ರೀಕ್ ನಾಟಕಕಾರ ಅರಿಸ್ಟೋಫನೀಸ್ ಅದನ್ನು ಪರ್ಷಿಯಾದ ಹಕ್ಕಿ ಎಂದೇ ಕರೆದಿದ್ದಾನೆ. ಕೋಳಿಯನ್ನು ದೊಡ್ಡ ಪ್ರಮಾಣದಲ್ಲಿ ಮಾಂಸಕ್ಕಾಗಿ ಸಾಕಿದ್ದಕ್ಕೆ ಆ ಭಾಗದ ಹಳೆಯ ಸ್ಪಷ್ಟ ಪುರಾವೆ ಇಸ್ರೇಲಿನ ಮರೇಶಾದ ಉತ್ಖನನದಲ್ಲಿ ಸಿಕ್ಕಿತು. ಕ್ರಿ.ಪೂ. 4ರಿಂದ 2ನೇ ಶತಮಾನದ ಆ ಪದರಗಳಲ್ಲಿ ಕೋಳಿ ಮೂಳೆಗಳು ಹೇರಳವಾಗಿದ್ದವು, ಅವುಗಳ ಮೇಲೆ ಕತ್ತಿಯ ಗುರುತುಗಳೂ ಇದ್ದವು.

ರೋಮನ್ನರ ಕಾಲಕ್ಕೆ ಕೋಳಿ ಶೋಕಿಯ ಊಟವಾಗಿತ್ತು. ಕ್ರಿ.ಪೂ. 161ರಲ್ಲಿ ಬಂದ ಫ್ಯಾನಿಯನ್ ಶಾಸನ ಒಂದು ಊಟಕ್ಕೆ ಒಂದೇ ಹೇಂಟೆ, ಅದೂ ಕೊಬ್ಬಿಸದ ಹೇಂಟೆ ಎಂದು ಕಟ್ಟುಪಾಡು ಹಾಕಿತು. ಜನ ರಂಗೋಲಿ ಕೆಳಗೆ ನುಸುಳಿದರು: ಶಾಸನದಲ್ಲಿ ಹೇಂಟೆಯ ಮಾತಷ್ಟೇ ಇದೆ ಎಂದು ಹುಂಜಗಳಿಗೆ ಹಾಲಿನಲ್ಲಿ ನೆನೆಸಿದ ಮೇವು ತಿನ್ನಿಸಿ ಕೊಬ್ಬಿಸಿದರೆಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಅಪಿಸಿಯಸ್ ಹೆಸರಿನಲ್ಲಿ ಉಳಿದಿರುವ ರೋಮನ್ ಪಾಕಗ್ರಂಥದಲ್ಲಿ ಕೋಳಿಯ ಅಡುಗೆಗಳು ಹಲವಿವೆ. ಬದನೆ ಮಾತ್ರ ಅದರಲ್ಲಿ ಎಲ್ಲೂ ಇಲ್ಲ. ಗ್ರೀಕರಿಗಾಗಲಿ ರೋಮನ್ನರಿಗಾಗಲಿ ಆ ತರಕಾರಿಯೇ ಗೊತ್ತಿರಲಿಲ್ಲ.

ಬದನೆಯ ತವರು ಭಾರತ ಮತ್ತು ಅದರ ಪೂರ್ವದ ನಾಡುಗಳು. ಕ್ರಿ.ಪೂ. 59ರ ಚೀನೀ ಬರಹವೊಂದರಲ್ಲಿ ಅದರ ಪ್ರಸ್ತಾಪವಿದೆ. 6ನೇ ಶತಮಾನದ ಚೀನಾದ ಕೃಷಿಗ್ರಂಥವು ಬೀಜ ಹಿಡಿಯುವುದರಿಂದ ಸಸಿ ನೆಡುವವರೆಗೆ ಅದರ ಬೇಸಾಯವನ್ನು ವಿವರಿಸುತ್ತದೆ. ಪಶ್ಚಿಮಕ್ಕೆ ಅದು ಹೋದದ್ದು ಪರ್ಷಿಯಾದ ಮಾರ್ಗವಾಗಿ. 7ನೇ ಶತಮಾನದಲ್ಲಿ ಅರಬರು ಪರ್ಷಿಯಾವನ್ನು ಗೆದ್ದ ಮೇಲೆ ಕಬ್ಬು, ಬತ್ತ, ಪಾಲಕ್, ನಿಂಬೆಯಂಥ ಬೆಳೆಗಳ ಜೊತೆ ಬದನೆಯೂ ಇರಾಕ್, ಸಿರಿಯಾ, ಈಜಿಪ್ಟ್, ಉತ್ತರ ಆಫ್ರಿಕಾ ದಾಟಿ ಸ್ಪೇನಿನವರೆಗೆ ಸಾಗಿತು. ಇವುಗಳಲ್ಲಿ ಹೆಚ್ಚಿನವು ಬೇಸಿಗೆಯ ನೀರಾವರಿ ಬೇಡುವ ಬೆಳೆಗಳು. ಬಿತ್ತನೆಯೆಂದರೆ ಚಳಿಗಾಲದ್ದು, ಬೇಸಿಗೆಯಲ್ಲಿ ಹೊಲ ಖಾಲಿ ಎಂಬುದು ಅಲ್ಲಿನ ಹಳೆಯ ರೂಢಿ. ಏತ, ಕಾಲುವೆಗಳ ನೀರು ಹರಿದ ಕಡೆ ಅದು ಬದಲಾಯಿತು. ಬದನೆಯ ಯಾತ್ರೆ ನೀರಾವರಿಯ ಯಾತ್ರೆಯೂ ಹೌದು.

ಹೊಸಬನಿಗೆ ಸುಲಭದ ಸ್ವಾಗತ ಸಿಗಲಿಲ್ಲ. ಬದನೆ ಪಿತ್ತ ಕೆರಳಿಸುತ್ತದೆ, ಮೈಬಣ್ಣ ಕೆಡಿಸುತ್ತದೆ, ಮನಸ್ಸನ್ನು ಮಂಕು ಮಾಡುತ್ತದೆ ಎಂದು ಅರಬ್ ವೈದ್ಯರು ಎಚ್ಚರಿಸಿದರು. ಮರುಭೂಮಿಯ ಬೆಡೂಯಿನರು ಅದರ ಬಣ್ಣವನ್ನೂ ರುಚಿಯನ್ನೂ ಚೇಳಿಗೆ ಹೋಲಿಸಿ ಹೀಯಾಳಿಸಿದರೆಂಬ ಮಾತು ಅಂದಿನ ಪುಸ್ತಕಗಳಲ್ಲಿದೆ. ಗಾಯವಾದವರಿಗೆ, ಬಾಣಂತಿಯರಿಗೆ ಬದನೆ ನಂಜು ಎನ್ನುವ ನಮ್ಮ ಕಡೆಯ ಅಜ್ಜಿಯರು ಬಾಗ್ದಾದಿನ ವೈದ್ಯರ ಮಾತನ್ನು ಧಾರಾಳವಾಗಿ ಒಪ್ಪುತ್ತಿದ್ದರು. ಹಳೆಯ ತಳಿಗಳು ಈಗಿನವಕ್ಕಿಂತ ಹೆಚ್ಚು ಕಹಿಯಾಗಿದ್ದವು ಎಂಬುದನ್ನೂ ನೆನಪಿಡಬೇಕು.

ಆ ಕಹಿಗೆ ಮದ್ದು ಕಂಡುಕೊಂಡವರು ಬಾಗ್ದಾದಿನ ಅಡುಗೆಯವರು. 10ನೇ ಶತಮಾನದಲ್ಲಿ ಇಬ್ನ್ ಸಯ್ಯಾರ್ ಅಲ್ ವರ್ರಾಕ್ ಸಂಕಲಿಸಿದ ಪಾಕಗ್ರಂಥ, ಅರಬ್ಬಿಯಲ್ಲಿ ಉಳಿದಿರುವವುಗಳಲ್ಲಿ ಅತಿ ಹಳೆಯದು. 1226ರಲ್ಲಿ ಮುಹಮ್ಮದ್ ಅಲ್ ಬಾಗ್ದಾದಿ ಬರೆದದ್ದು ಇನ್ನೊಂದು. ಲೋಕದ ಸುಖಗಳನ್ನು ಆರಾಗಿ ವಿಂಗಡಿಸಿ, ಊಟವೇ ಅವುಗಳಲ್ಲಿ ಮೇಲು ಎಂದು ತೀರ್ಪು ಕೊಟ್ಟ ಮನುಷ್ಯ ಈತ. ಬದನೆಯ ತೊಟ್ಟು ತೆಗೆದು ಉಪ್ಪುನೀರಿನಲ್ಲಿ ಅರೆಬೇಯಿಸಿ, ನೀರು ಬಸಿದು ಆರಲು ಬಿಟ್ಟು, ಆಮೇಲೆ ಎಳ್ಳೆಣ್ಣೆಯಲ್ಲೋ ಕುರಿಯ ಬಾಲದ ಕೊಬ್ಬಿನಲ್ಲೋ ಕರಿಯುವ ಕ್ರಮ ಈ ಗ್ರಂಥಗಳ ಕಾಲಕ್ಕಾಗಲೇ ನೆಲೆಗೊಂಡಿತ್ತು. ಇನ್ನೊಂದು ಪಾತ್ರೆಯಲ್ಲಿ ಮಾಂಸ ಕೊತ್ತಂಬರಿ ಬೀಜ, ಜೀರಿಗೆ, ಚಕ್ಕೆಯೊಡನೆ ಬೇಯುತ್ತಿರುತ್ತದೆ. ಅದು ಹದಕ್ಕೆ ಬಂದಾಗ ಕರಿದ ಬದನೆಯನ್ನು ಮೇಲೆ ಜೋಡಿಸಿ, ಪಾತ್ರೆಯನ್ನು ಕೆಂಡದ ಕಾವಿನಲ್ಲಿ ಸುಮ್ಮನೆ ಬಿಡುತ್ತಾರೆ. ಕಹಿ ತೆಗೆ, ಬೇರೆಯಾಗಿ ಕರಿ, ಕೊನೆಗೆ ಕೂಡಿಸಿ ಕಾವಿನಲ್ಲಿಡು: ಈ ಮೂರು ಮೆಟ್ಟಿಲುಗಳು ಇಂದಿನ ಮೆಡಿಟರೇನಿಯನ್ ಮನೆಯ ಬದನೆ ಅಡುಗೆಯಲ್ಲಿ ಬಹುತೇಕ ಹಾಗೇ ಉಳಿದಿವೆ. ಪದಾರ್ಥಗಳು ಎಷ್ಟೇ ಬದಲಾದರೂ ಬದಲಾಗದೆ ಬಂದದ್ದು ಈ ವಿಧಾನವೇ.

ಈ ಬಗೆಯ ಅಡುಗೆಗೆ ಬೂರಾನಿಯ್ಯ ಎಂಬ ಹೆಸರು ಬಂದದ್ದು ಖಲೀಫ ಅಲ್ ಮಾಮೂನನ ಹೆಂಡತಿ ಬೂರಾನಳಿಂದ. 825ರಲ್ಲಿ ನಡೆದ ಅವರ ಮದುವೆಯ ವೈಭವವನ್ನು ಅರಬ್ ಇತಿಹಾಸಕಾರರು ಬಣ್ಣಿಸಿ ದಣಿಯಲಿಲ್ಲ. ಆ ಮದುವೆಯ ಊಟದಲ್ಲೇ ಬದನೆ ಬಡಿಸಿದರೆನ್ನುವುದು ನಂಬಲು ಹಿತವಾದ ಕತೆ, ಅದಕ್ಕಿಂತ ಹೆಚ್ಚೇನಲ್ಲ. ಆದರೆ ಚೇಳಿಗೆ ಹೋಲಿಸಿಕೊಂಡ ತರಕಾರಿಗೆ ಅರಮನೆಯ ಹೆಣ್ಣಿನ ಹೆಸರು ಸೇರಿದ್ದು ನಿಜ. ಆಮೇಲೆ ಅದರ ಮೇಲ್ಮೆಯನ್ನು ಯಾರೂ ತಡೆಯಲಿಲ್ಲ. ಸ್ಪೇನಿನಲ್ಲಿ ಇಂದಿಗೂ ಆಲ್ಬೊರೊನಿಯಾ ಎಂಬ ಬದನೆ ಪಲ್ಯವಿದೆ, ಅದು ಇದೇ ಬೂರಾನಿಯ್ಯದ ವಂಶದ್ದು.

ಕನ್ನಡ ನಾಡಿನ ದಾಖಲೆಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಅಲ್ ಬಾಗ್ದಾದಿಗಿಂತ ಸುಮಾರು ನೂರು ವರ್ಷ ಮೊದಲು, ಕಲ್ಯಾಣದ ಚಾಲುಕ್ಯ ದೊರೆ 3ನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಬದನೆಯ ತಿರುಳು ತೆಗೆದು ಮಾಂಸದ ಹೂರಣ ತುಂಬಿ ಎಣ್ಣೆಯಲ್ಲಿ ಬೇಯಿಸುವ ಪಾಕವಿದೆ. 16ನೇ ಶತಮಾನದ ಆರಂಭದ ಮಂಗರಸನ ‘ಸೂಪಶಾಸ್ತ್ರ’ ಜೈನ ಕವಿಯ ಕೃತಿಯಾದ್ದರಿಂದ ಅಲ್ಲಿ ಮಾಂಸವಿಲ್ಲ, ಆದರೆ ಬದನೆಯ ಅಡುಗೆಗಳಿಗೆಂದೇ ಒಂದು ಭಾಗ ಮೀಸಲಿದೆ. ತವರಿನಲ್ಲಿ ಬದನೆಗೆ ಯಾರ ಶಿಫಾರಸೂ ಬೇಕಿರಲಿಲ್ಲ.

ಮೆಡಿಟರೇನಿಯನ್ನಿನ ಪಶ್ಚಿಮ ತುದಿಯಲ್ಲಿ, ಅರಬರ ಆಳ್ವಿಕೆಯ ಸ್ಪೇನಿನಲ್ಲಿ, ಬದನೆ ಚೆನ್ನಾಗಿ ಬೇರುಬಿಟ್ಟಿತು. 12ನೇ ಶತಮಾನದಲ್ಲಿ ಸೆವಿಲ್ ನಗರದ ಕೃಷಿತಜ್ಞ ಇಬ್ನ್ ಅಲ್ ಅವ್ವಾಮ್ ನಾಲ್ಕು ತಳಿಗಳನ್ನು ಹೆಸರಿಸುತ್ತಾನೆ: ಬಿಳಿಯ ಈಜಿಪ್ಟ್ ಬದನೆ, ನೇರಳೆಯ ಸಿರಿಯಾ ಬದನೆ, ಕಡುಬಣ್ಣದ ಊರ ಬದನೆ ಮತ್ತು ಕಂದು ಬಣ್ಣದ ಕಾರ್ಡೋಬಾ ಬದನೆ. 13ನೇ ಶತಮಾನದಲ್ಲಿ ಮುರ್ಸಿಯಾದಿಂದ ವಲಸೆ ಹೋಗಿ ಟುನಿಸ್‌ನಲ್ಲಿ ನೆಲೆಸಿದ ಇಬ್ನ್ ರಜೀನ್ ಅಲ್ ತುಜೀಬಿ ತನ್ನ ಪಾಕಗ್ರಂಥದಲ್ಲಿ ಬದನೆಗೆ ಪ್ರತ್ಯೇಕ ಅಧ್ಯಾಯವನ್ನೇ ಕೊಟ್ಟಿದ್ದಾನೆ. ಊರು ಬಿಟ್ಟವನು ಊರಿನ ಊಟವನ್ನು ಕಾಗದಕ್ಕಿಳಿಸಿ ಉಳಿಸಿಕೊಂಡ ಪುಸ್ತಕ ಅದು. ಕ್ರೈಸ್ತರ ಅಡುಗೆಮನೆಗೂ ಬದನೆ ಹೋಯಿತು. 1324ರ ಕ್ಯಾಟಲನ್ ಪಾಕಗ್ರಂಥ ‘ಸೆಂಟ್ ಸೊವಿ’ಯಲ್ಲಿ ಅದಿದೆ. ನೋಲಾದ ರೂಪರ್ಟನದೆಂದು ಹೇಳುವ, 1520ರಲ್ಲಿ ಬಾರ್ಸೆಲೋನಾದಲ್ಲಿ ಅಚ್ಚಾದ ಪುಸ್ತಕದಲ್ಲಿ ಮೂರ್ ಜನರ (ಅಂದರೆ ಸ್ಪೇನಿನ ಮುಸ್ಲಿಮರ) ರೀತಿಯ ಬದನೆ ಎಂಬ ಹೆಸರಿನಲ್ಲೇ ಒಂದು ಪಾಕವಿದೆ.

ಆದರೆ ತರಕಾರಿಗೆ ಜಾತಿ ಅಂಟಿಕೊಂಡಿತ್ತು. ಬದನೆ ಮುಸ್ಲಿಮರ, ಯೆಹೂದ್ಯರ ಊಟವೆಂದು ಸ್ಪೇನಿನ ಕ್ರೈಸ್ತರು ಆಡಿಕೊಳ್ಳುತ್ತಿದ್ದರು. 1478ರಲ್ಲಿ ಧರ್ಮವಿಚಾರಣೆಯ ನ್ಯಾಯಮಂಡಳಿ ಸ್ಥಾಪನೆಯಾದ ಮೇಲೆ ಈ ಹಾಸ್ಯ ಅಪಾಯದ ಬಣ್ಣ ಪಡೆಯಿತು. ಮತಾಂತರಗೊಂಡ ಯೆಹೂದ್ಯರು ಒಳಗೊಳಗೇ ಹಳೆಯ ಧರ್ಮ ಪಾಲಿಸುತ್ತಿದ್ದಾರೆಂದು ಸಾಬೀತು ಮಾಡಲು ಮನೆಯ ಒಲೆಯೇ ಸಾಕ್ಷಿಯಾಯಿತು. ಶುಕ್ರವಾರವೇ ಬೇಯಿಸಿಟ್ಟು ಶನಿವಾರ ತಿನ್ನುವ ಕಡಲೆ, ಮಾಂಸ, ಬದನೆಯ ಅಡುಗೆಗಳನ್ನು ಕೆಲಸದವರು, ನೆರೆಯವರು ನ್ಯಾಯಮಂಡಳಿಯ ಮುಂದೆ ಹೆಸರು ಹೇಳಿ ವಿವರಿಸಿದರು. ಆ ಕಾಲದ ಎಷ್ಟೋ ಮನೆ ಅಡುಗೆಗಳ ವಿವರ ಇಂದು ನಮಗೆ ಸಿಗುವುದು ಈ ದೂರುಗಳಿಂದಲೇ ಎನ್ನುವುದು ಇತಿಹಾಸದ ಕ್ರೂರ ವ್ಯಂಗ್ಯ. 1615ರಲ್ಲಿ ಬಂದ ‘ಡಾನ್ ಕ್ವಿಕ್ಸೋಟ್’ ಎರಡನೆಯ ಭಾಗದಲ್ಲಿ ಸೆರ್ವಾಂಟಿಸ್ ಮೂರ್ ಲೇಖಕನೊಬ್ಬನ ಹೆಸರನ್ನು ಕ್ವಿಕ್ಸೋಟನ ಸೇವಕ ಸ್ಯಾಂಕೊನ ಬಾಯಲ್ಲಿ ಬದನೆಕಾಯಿಯಾಗಿಸಿ ನಗಿಸುತ್ತಾನೆ. ಓದುಗರಿಗೆ ಆ ನಗೆಯ ಹಿಂದಿನ ಇರಿತ ಗೊತ್ತಿತ್ತು.

1492ರಲ್ಲಿ ಸ್ಪೇನಿನಿಂದಲೂ, ಅದರ ಅಧೀನದಲ್ಲಿದ್ದ ಸಿಸಿಲಿಯಿಂದಲೂ ಯೆಹೂದ್ಯರನ್ನು ಹೊರದೂಡಲಾಯಿತು. ಅವರಲ್ಲಿ ಕೆಲವರು ಇಟಲಿಯ ಉತ್ತರಕ್ಕೆ, ಬಹಳಷ್ಟು ಜನ ಆಟೊಮನ್ ಸಾಮ್ರಾಜ್ಯದ ಊರುಗಳಿಗೆ ಹೋದರು, ಬದನೆಯ ಕೈರುಚಿಯೂ ಅವರೊಡನೆ ಹೋಯಿತು. ಇಟಲಿಯಲ್ಲಿ ಪೋಪರ ಅಡುಗೆಯವನಾಗಿದ್ದ ಬಾರ್ತೊಲೊಮಿಯೊ ಸ್ಕಾಪಿಯ 1570ರ ಗ್ರಂಥದಲ್ಲಿ ಬದನೆಗೆ ಜಾಗ ಸಿಕ್ಕಿದ್ದರೂ ಸಾಮಾನ್ಯರ ಅನುಮಾನ ಹೋಗಲಿಲ್ಲ. ತಿಂದರೆ ಹುಚ್ಚು ಹಿಡಿಯುತ್ತದೆಂಬ ಮಾತು ಬಹುಕಾಲ ಓಡಾಡಿತು. 1891ರಲ್ಲಿ ತನ್ನ ಪ್ರಸಿದ್ಧ ಪಾಕಪುಸ್ತಕ ಪ್ರಕಟಿಸಿದ ಪೆಲ್ಲೆಗ್ರಿನೊ ಆರ್ಟೂಸಿ, ನಲವತ್ತು ವರ್ಷ ಹಿಂದೆ ಫ್ಲಾರೆನ್ಸಿನ ಪೇಟೆಯಲ್ಲಿ ಬದನೆ ಕಾಣುವುದೇ ಅಪರೂಪವಾಗಿತ್ತು, ಯೆಹೂದ್ಯರ ಊಟವೆಂದು ಜನ ಹೀನಾಯವಾಗಿ ನೋಡುತ್ತಿದ್ದರು ಎಂದು ಬರೆದಿದ್ದಾನೆ. ಇಡೀ ಇಟಲಿಯ ಹೆಮ್ಮೆ ಎಂದು ಇಂದು ಹೇಳಿಕೊಳ್ಳುವ ಬದನೆ ಅಡುಗೆಗಳ ವಯಸ್ಸು ಇದರಿಂದ ಅಂದಾಜಾಗುತ್ತದೆ.

ಆಟೊಮನ್ನರ ಇಸ್ತಾಂಬುಲ್‌ನಲ್ಲಿ ಇಂಥ ತಕರಾರು ಇರಲಿಲ್ಲ. ಸುಟ್ಟು, ಕರಿದು, ತುಂಬಿ, ಉಪ್ಪಿನಕಾಯಿ ಹಾಕಿ, ಸಕ್ಕರೆ ಪಾಕದಲ್ಲೂ ಇಳಿಸಿ ಅಲ್ಲಿನವರು ಬದನೆಯನ್ನು ಬಗೆಬಗೆಯಾಗಿ ಪಳಗಿಸಿದರು. ಟರ್ಕಿ ಭಾಷೆಯಲ್ಲಿ ಅಚ್ಚಾದ ಮೊದಲ ಪಾಕಪುಸ್ತಕ 1844ರದು, ಬದನೆಯ ಪಾಕಗಳು ಅದರಲ್ಲೂ ಇವೆ. ಬೇಸಿಗೆಯಲ್ಲಿ ಮನೆ ಮನೆಯಲ್ಲೂ ಬಾಣಲೆಯಿಟ್ಟು ಬದನೆ ಕರಿಯುವಾಗ ಎಣ್ಣೆಗೆ ಬೆಂಕಿ ಹತ್ತಿ, ಒತ್ತೊತ್ತಾಗಿದ್ದ ಮರದ ಮನೆಗಳ ಬೀದಿಗಳೇ ಉರಿದುಹೋಗುತ್ತಿದ್ದವು. ಅಂಥ ಅನಾಹುತಕ್ಕೆ ಬದನೆ ಬೆಂಕಿ ಎಂದೇ ಹೆಸರಿತ್ತು. ಸುಟ್ಟ ಬದನೆಯ ಮೇಲೆ ಮಾಂಸವಿಡುವ ಹುಂಕಾರ್ ಬೆಯೆಂದಿ, ಅಂದರೆ ಸುಲ್ತಾನ ಮೆಚ್ಚಿದ್ದು, 1869ರಲ್ಲಿ ಫ್ರಾನ್ಸಿನ ರಾಣಿ ಯೂಜಿನಿ ಇಸ್ತಾಂಬುಲ್‌ಗೆ ಬಂದಾಗ ಹುಟ್ಟಿತೆಂದು ಹೇಳುತ್ತಾರೆ. ರಾಣಿ ಬಂದದ್ದು ನಿಜ, ಅಡುಗೆಯ ಕತೆಗೆ ಆಧಾರ ಸಾಲದು. ಬೆಣ್ಣೆ, ಮೈದಾ, ಹಾಲಿನ ಬಿಳಿ ಗೊಜ್ಜು ಫ್ರೆಂಚ್ ಪ್ರಭಾವವೆಂಬುದಂತೂ ರುಚಿಯಲ್ಲೇ ತಿಳಿಯುತ್ತದೆ. ಗ್ರೀಸಿನ ಬದನೆ ಅಡುಗೆಯಾದ ಮುಸಾಕಾಕ್ಕೆ ಅದೇ ಬಿಳಿ ಗೊಜ್ಜಿನ ಪದರ ಹೊದಿಸಿದವನು ಬಾಣಸಿಗ ನಿಕೊಲಾಸ್ ಸೆಲೆಮೆಂಟಿಸ್, ಅದು 1920ರ ದಶಕದಲ್ಲಿ.

ಟೊಮೆಟೊ 16ನೇ ಶತಮಾನದಲ್ಲಿ ಯುರೋಪಿಗೆ ಬಂದರೂ ಬಹುಕಾಲ ತೋಟದ ಚಂದಕ್ಕಷ್ಟೇ ಇತ್ತು. ನೇಪಲ್ಸಿನ ಆಂಟೊನಿಯೊ ಲಾತಿನಿ 1690ರ ದಶಕದಲ್ಲಿ ಸ್ಪೇನಿನ ರೀತಿಯ ಟೊಮೆಟೊ ಗೊಜ್ಜನ್ನು ಬರೆದಿಟ್ಟ. ಅದು ಎಲ್ಲರ ಮನೆಯ ಮಾತಾದದ್ದು 18, 19ನೇ ಶತಮಾನಗಳಲ್ಲಿ. ಅದಕ್ಕೆ ಮುಂಚೆ ಬದನೆಯ ಎಣ್ಣೆಜಿಡ್ಡನ್ನು ಕಡಿಯುವ ಹುಳಿ ವಿನೆಗರ್‌ನಿಂದ, ಎಳೆ ದ್ರಾಕ್ಷಿಯ ರಸದಿಂದ, ದಾಳಿಂಬೆಯಿಂದ, ಸುಮಾಕ್ ಹಣ್ಣಿನ ಪುಡಿಯಿಂದ ಬರುತ್ತಿತ್ತು. ಈ ಕೊನೆಯೆರಡು ಸಿರಿಯಾ, ಲೆಬನಾನಿನ ಕಡೆ ಈಗಲೂ ನಡೆಯುತ್ತವೆ.

ಇಷ್ಟಾದರೂ ಪಾತ್ರೆಯಲ್ಲಿ ಬದನೆಯ ಜೊತೆಗಾರ ಹೆಚ್ಚಾಗಿ ಕುರಿಯೇ ಆಗಿತ್ತು. ಹಳ್ಳಿಯ ಮನೆಯಲ್ಲಿ ಹೇಂಟೆ ಎಂದರೆ ಮೊಟ್ಟೆಯ ಆದಾಯ. ಮೊಟ್ಟೆ ನಿಲ್ಲಿಸಿದ ಮೇಲೋ, ಬಂಧುಗಳು ಬಂದಾಗಲೋ, ಕಾಯಿಲೆಯವರಿಗೆ ಸಾರು ಬೇಕಾದಾಗಲೋ ಅದಕ್ಕೆ ಕತ್ತಿ ಬೀಳುತ್ತಿತ್ತು. ಮುದಿಕೋಳಿಯ ಮಾಂಸ ಗಂಟೆಗಟ್ಟಲೆ ಬೇಯಬೇಕು, ಬದನೆ ಅಷ್ಟು ಹೊತ್ತಿಗೆ ಕರಗಿ ಹೋಗುತ್ತದೆ. ಇವೆರಡನ್ನು ದಿನಬಳಕೆಯ ಜೋಡಿ ಮಾಡಿದ್ದು 20ನೇ ಶತಮಾನದ ಕೋಳಿ ಫಾರಂ. 1925ರಲ್ಲಿ ಅಮೆರಿಕದ ಮಾಂಸದ ಕೋಳಿ ಮಾರಾಟಕ್ಕೆ ಬರಲು 16 ವಾರ ಬೇಕಿತ್ತು, ಆಗಲೂ ಅದರ ತೂಕ 1.1 ಕೆ.ಜಿ. ಆಸುಪಾಸು. ನಾಳೆಯ ಕೋಳಿ ಎಂಬ ಹೆಸರಿನಲ್ಲಿ 1948ರಲ್ಲಿ ಅಲ್ಲಿ ನಡೆದ ರಾಷ್ಟ್ರೀಯ ಸ್ಪರ್ಧೆ ಬೇಗ ಬಲಿಯುವ, ಎದೆ ತುಂಬಿದ ತಳಿಗಳಿಗೆ ದಾರಿ ಮಾಡಿತು. ಇಂದಿನ ಬ್ರಾಯ್ಲರ್ ಆರು ವಾರದೊಳಗೆ ಎರಡು ಕೆ.ಜಿ. ದಾಟುತ್ತದೆ. ಎರಡನೆಯ ಮಹಾಯುದ್ಧದ ನಂತರ ಇದೇ ಬಗೆಯ ಸಾಕಣೆ ಮೆಡಿಟರೇನಿಯನ್ ದೇಶಗಳಿಗೂ ಹರಡಿ, ಕೋಳಿ ಕುರಿಗಿಂತ ಅಗ್ಗವಾಯಿತು. ಕುರಿಯ ಜಾಗಕ್ಕೆ ಕೋಳಿ ಬಂದು ಕೂತಿತು.

ಇದೇ ಹೊತ್ತಿಗೆ ಮೆಡಿಟರೇನಿಯನ್ ಎಂಬ ಹೆಸರು ಅಡುಗೆಗೆ ಅಂಟಿಕೊಂಡಿತು. ಬ್ರಿಟಿಷ್ ಲೇಖಕಿ ಎಲಿಜಬೆತ್ ಡೇವಿಡ್ 1950ರಲ್ಲಿ ಆ ತೀರದ ಅಡುಗೆಗಳ ಪುಸ್ತಕ ಪ್ರಕಟಿಸಿದಾಗ ಬ್ರಿಟನ್ನಿನಲ್ಲಿ ಇನ್ನೂ ಪಡಿತರವಿತ್ತು. ಬದನೆ, ಆಲಿವ್ ಎಣ್ಣೆ ಅಲ್ಲಿನ ಬಹುಪಾಲು ಮನೆಗಳಿಗೆ ಓದಿ ಸವಿಯುವ ಪದಾರ್ಥಗಳಾಗಿದ್ದವು. 1958ರಲ್ಲಿ ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಆರಂಭಿಸಿದ ಏಳು ದೇಶಗಳ ಅಧ್ಯಯನ ಕ್ರೀಟ್ ದ್ವೀಪದ ರೈತರ ಊಟವನ್ನು ಹೃದಯದ ಆರೋಗ್ಯಕ್ಕೆ ಮಾದರಿಯಾಗಿ ಕಂಡಿತು. ಮೆಡಿಟರೇನಿಯನ್ ಆಹಾರಪದ್ಧತಿ 2010ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಆದರೆ ಕೀಸ್ ಕಂಡ ರೈತರ ತಟ್ಟೆಯಲ್ಲಿ ಕಾಳು, ಸೊಪ್ಪು, ಬ್ರೆಡ್ಡು, ಎಣ್ಣೆ ಹೆಚ್ಚು, ಮಾಂಸ ತೀರಾ ಕಡಿಮೆ. ವಾರಕ್ಕೆ ನಾಲ್ಕು ದಿನ ಕೋಳಿ ಬೇಯಿಸಿ ಅದನ್ನು ಸಾಂಪ್ರದಾಯಿಕ ಎನ್ನುವುದು ಸರಿಯಾಗದು.

ಇಂದು ಮನೆಯಲ್ಲಿ ಕೋಳಿ ಬದನೆಯ ಈ ಅಡುಗೆಯನ್ನು ಮಾಡುವ ಕ್ರಮದಲ್ಲಿ ಹಳೆಯ ಕಾರಣಗಳು ಹಾಗೇ ಉಳಿದಿವೆ. ಬದನೆಯ ತಿರುಳು ಗಾಳಿ ತುಂಬಿದ ಸ್ಪಂಜು, ಹಾಗೇ ಬಾಣಲೆಗೆ ಬಿದ್ದರೆ ಎಣ್ಣೆಯನ್ನೆಲ್ಲ ಕುಡಿದುಬಿಡುತ್ತದೆ. ಬೆರಳ ದಪ್ಪದ ಹೋಳುಗಳಿಗೆ ಉಪ್ಪು ಸವರಿ ಅರ್ಧ ಗಂಟೆ ಬಿಟ್ಟರೆ ನೀರು ಹೊರಬಂದು ಆ ಗಾಳಿಯ ಗೂಡುಗಳು ಕುಸಿಯುತ್ತವೆ. ತೊಳೆದು, ಬಟ್ಟೆಯಲ್ಲಿ ಒತ್ತಿ ಒರೆಸಿ ಕರಿದರೆ ಎಣ್ಣೆ ಕಡಿಮೆ ಹೀರುತ್ತದೆ, ಬಣ್ಣವೂ ಹೊನ್ನಾಗುತ್ತದೆ. ತಳಿಗಳಲ್ಲಿ ಕಹಿ ಕಡಿಮೆಯಾಗಿರುವ ಈ ಕಾಲದಲ್ಲೂ ಉಪ್ಪು ಹಚ್ಚುವ ರೂಢಿ ಉಳಿದಿರುವುದಕ್ಕೆ ಇದೇ ಕಾರಣ. ಕೋಳಿಗೆ ಎದೆಗಿಂತ ತೊಡೆ ಮೇಲು, ಗೊಜ್ಜಿನಲ್ಲಿ ಬೆಂದರೂ ಒಣಗುವುದಿಲ್ಲ. ತುಂಡುಗಳನ್ನು ಹುರಿದು ತೆಗೆದಿಟ್ಟು, ಅದೇ ಪಾತ್ರೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ಟೊಮೆಟೊ ಹಾಕಿ ಎಣ್ಣೆ ಬಿಡುವವರೆಗೆ ಬೇಯಿಸಿ, ಕೋಳಿಯನ್ನು ಮತ್ತೆ ಸೇರಿಸಿ ಅರ್ಧ ಗಂಟೆ ಮುಚ್ಚಿಡಬೇಕು. ಬದನೆ ಸೇರುವುದು ಕೊನೆಯ ಹತ್ತು ನಿಮಿಷದಲ್ಲಿ. ಅಲ್ಲಿಂದಾಚೆ ಸೌಟು ಆಡಿಸಿದರೆ ಹೋಳು ಕಲಸಿಹೋಗುತ್ತದೆ, ಪಾತ್ರೆಯನ್ನೇ ಹಿಡಿದು ಅಲುಗಿಸುವುದು ವಾಸಿ.

ಕರ್ನಾಟಕದಲ್ಲಿ ಮಾಡುವವರು ಎಣ್ಣೆಗಾಯಿಯ ಪುಟ್ಟ ಬದನೆ ಬಿಟ್ಟು, ಸುಟ್ಟು ಭರ್ತಾ ಮಾಡುವ ದಪ್ಪ ನೇರಳೆ ಬದನೆಯನ್ನು ಆರಿಸಿಕೊಳ್ಳಬೇಕು. ಬೀಜ ಬಲಿತಿರದ, ಕೈಯಲ್ಲಿ ಹಗುರವೆನಿಸುವ ಕಾಯಿ ಒಳ್ಳೆಯದು. ನಾಟಿಕೋಳಿಯಾದರೆ ಬದನೆ ಕರಿಯುವ ಮೊದಲೇ ಅದನ್ನು ಬೇರೆಯಾಗಿ ಮುಕ್ಕಾಲು ಬೇಯಿಸಿಟ್ಟುಕೊಳ್ಳುವುದು ಅಗತ್ಯ.